ಬೀಗರ ದಂಡೆಯ ಹೊಸ ಮಣ್ಣು

ದೋಣಿಯಿಂದ ಇಳಿದ ಧರೆಪ್ಪ ಮಗಳ ಮನೆಯತ್ತ ತಿರುಗಲಿಲ್ಲ. ನೆರೆ ಇಳಿದ ಮೇಲೆ ದಂಡೆಗುಂಟ ಉಳಿದಿದ್ದ ಹೊಸ ಮಣ್ಣಿನಲ್ಲಿ ಮೊಣಕಾಲ ತನಕ ಹೂತುಹೋಗುತ್ತ ನಡೆದು, ಕಂಕುಳಲ್ಲಿದ್ದ ಗೂಟಗಳನ್ನು ಒಂದೊಂದಾಗಿ ಹೊಡೆಯತೊಡಗಿದ. ಸುದ್ದಿ ತಿಳಿದ ಬೀಗಿತ್ತಿ ಅಕ್ಕವ್ವ ಸೆರಗು ಸಿಕ್ಕಿಸಿಕೊಂಡು ಬಂದಳು.

“ಏನ್ ಬೀಗರ, ಹೊಳಿದಂಡ್ಯಾಗ ಮನಿ ಕಟ್ಟಸ್ತೀರೇನು?”

“ಮನಿ ಅಲ್ರಿ. ನನ್ನ ಹೊಲ ಹುಡಿಕ್ಕೊಂಡು ಬಂದೀನಿ. ಈ ಮಣ್ಣು ನಂದು.”

ಧರೆಪ್ಪನ ಹೊಲ ಇದ್ದದ್ದು ಆಚೆ, ಕುಡಚಿಯ ಕಡೆ. ಕೃಷ್ಣೆ ಅಲ್ಲಿ ಕುಡುಗೋಲಿನಂತೆ ಬಾಗುತ್ತಾಳೆ. ಬಾಗಿನ ಹೊರಮಗ್ಗುಲಲ್ಲಿ ಧರೆಪ್ಪನ ದಂಡೆಗೆ ರಭಸದಿಂದ ಬಡಿದು ಬುಡ ಕೊರೆಯುತ್ತಾಳೆ. ಒಳಮಗ್ಗುಲಲ್ಲಿ, ಅಥಣಿಯ ಕಡೆ, ದಣಿದವಳಂತೆ ಸಾವಕಾಶ ಹರಿದು ಹೊತ್ತದ್ದನ್ನು ಇಳಿಸುತ್ತಾಳೆ. ಅಲ್ಲಿರುವುದು ಅಕ್ಕವ್ವನ ಹೊಲ. ೧೯೮೮ರ ಆ ಮಳೆಗಾಲದಲ್ಲಿ ಧರೆಪ್ಪನ ಕಬ್ಬಿನ ಒಂದು ಪಟ್ಟಿಯೇ ಹೊಳೆಗೆ ಕುಸಿದಿತ್ತು. ಮಗಳು ಸುಂದರಾಳನ್ನು ಈ ಮನೆಗೆ ಕೊಟ್ಟವನಿಗೆ, ಹಿಂದೆಯೇ ಹೊಲವೂ ಬಳುವಳಿಯಾಗಿ ಹೋದೀತೆಂದು ಗೊತ್ತಿರಲಿಲ್ಲ.

“ನಿಮ್ಮದ ಅಂತ ಗುರುತು ಹೆಂಗ ಹಿಡದ್ರಿ?” ಎಂದಳು ಅಕ್ಕವ್ವ. “ಮಣ್ಣು ನಿಮ್ಮನ್ನ ನೋಡಿ ‘ಅಪ್ಪಾ’ ಅಂತೇನು?”

ಧರೆಪ್ಪ ಒಂದು ಹಿಡಿ ಎತ್ತಿ ಮೂಸಿದ. “ನಮ್ಮ ಎತ್ತಿನ ಗೊಬ್ಬರದ ವಾಸನಿ ಐತಿ. ನೋಡ್ರಿ ಬೇಕಾದ್ರ.”

ಅಕ್ಕವ್ವ ಬಾಗಿ ಮೂಸಿದಳು. “ನನಗ ಮೀನಿನ ವಾಸನಿ ಬರಾಕತ್ತೈತಿ. ಬೀಗರ, ಮ್ಯಾಲೆ ಸಾಂಗಲಿ ಐತಿ, ಅದರ ಮ್ಯಾಲೆ ಕರಾಡ ಐತಿ. ಹೊಳಿ ಅವರ ಹೊಲಾನೂ ಕಡಕೊಂಡು ಬಂದೈತಿ. ನಾಳೆ ಅವರೂ ಗೂಟ ತಗೊಂಡು ಬಂದ್ರ ನಾ ಎಷ್ಟ ಮಂದಿಗೆ ಮರಾಠಿಯೊಳಗ ‘ಯಾ, ಬಸಾ’ ಅಂತ ಕುಂಡ್ರಿಸಿ ಚಾ ಕಾಸ್ಲಿ?”

ಧರೆಪ್ಪ ನಗಲಿಲ್ಲ. ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಹಾಕಲೂ ಇಲ್ಲ.

“ದಂಡಿ ಕುಸಿಯೂದನ್ನ ನಿಂತು ನೋಡೀನ್ರಿ, ಅಕ್ಕವ್ವಾರ. ಕಬ್ಬು ನಿಂತದ್ದು ನಿಂತಂಗ ಹೋತು. ಕಳ್ಳರು ಒಯ್ದಿದ್ರ ಬೆನ್ನ ಹತ್ತತಿದ್ನಿ. ಹೊಳಿ ಬೆನ್ನ ಹತ್ತಿ ಎಲ್ಲಿಗಂತ ಹೋಗ್ಲಿ? ಇಲ್ಲಿ ಮಗಳ ಮನಿ ಐತಿ ಅಂತ ಇಲ್ಲಿಗೆ ಬಂದೆ.”

ಅಕ್ಕವ್ವ ಅವನ ಮುಷ್ಟಿಯಲ್ಲಿದ್ದ ಮಣ್ಣನ್ನು ನೋಡಿದಳು. ಆಮೇಲೆ ಮನೆಯ ಕಡೆ ತಿರುಗಿ ಕೂಗಿದಳು: “ಸುಂದರಾ, ನಿಮ್ಮಪ್ಪಗ ರೊಟ್ಟಿ ತಗೊಂಡು ಬಾ. ಹಿತ್ತಲದಾನ ಬದನಿ ಸಸಿನೂ ಕಿತ್ಕೊಂಡು ಬಾ.” ಬಳಿಕ ಧರೆಪ್ಪನತ್ತ ತಿರುಗಿ, “ನೆಡೂದು ನೀವು, ನೋಡಿಕೊಳ್ಳೂದು ನಾವು. ಬೆಳದದ್ದು ಎರಡೂ ಮನಿಗೆ. ಸಾಂಗಲಿಯವರು ಬಂದ್ರ ನಾ ಮಾತಾಡ್ತೀನಿ,” ಎಂದಳು.

ಮೆಕ್ಕಲು ಮಣ್ಣು, ಗೊಬ್ಬರ ಕೇಳಲಿಲ್ಲ. ಚಳಿ ಬೀಳುವ ಹೊತ್ತಿಗೆ ಗಿಡಗಳು ಕಾಯಿಯ ಭಾರಕ್ಕೆ ಬಾಗಿದವು. ಹಬ್ಬಕ್ಕೆ ಕರೆದರೂ ನಿಂತ ಕಾಲಲ್ಲೇ ಹೊರಡುತ್ತಿದ್ದ ಧರೆಪ್ಪ, ಈಗ ನೀರು ಬಿಡಬೇಕು, ಕಳೆ ಕೀಳಬೇಕು ಎಂದು ವಾರದಲ್ಲಿ ಎರಡು ಸಲ ಹೊಳೆ ದಾಟತೊಡಗಿದ. ಮೊಮ್ಮಗಳು ಅವನ ರುಮಾಲು ಬಿಚ್ಚಿ ಗೊಂಬೆಗೆ ಸೀರೆ ಉಡಿಸುವಷ್ಟು ಸಲಿಗೆ ಬೆಳೆಸಿಕೊಂಡಳು. “ಮನಿ ಅಳಿಯನ್ನ ಕಂಡೀವಿ, ಮನಿ ಮಾವನ್ನ ಈಗ ಕಂಡ್ವಿ,” ಎಂದು ದೋಣಿಯವನು ಹಾಸ್ಯ ಮಾಡಿದರೆ ಧರೆಪ್ಪ ಹೊಳೆಯ ಕಡೆ ಮುಖ ತಿರುಗಿಸಿ ಮೀಸೆಯಲ್ಲೇ ನಗುತ್ತಿದ್ದ.

ಮರುವರ್ಷದ ಮಳೆಗಾಲಕ್ಕೆ ಹೊಳೆ ಸೊಕ್ಕಿತು. ಬಾಗು ಸುತ್ತಿ ಬರುವ ತಾಳ್ಮೆ ಇಲ್ಲದೆ ಹೊಸ ಮಣ್ಣಿನ ಮೇಲೆಯೇ ನೆಟ್ಟಗೆ ನುಗ್ಗಿ, ಬದನೆಯ ಪಾತಿ ಇದ್ದ ಕುರುಹೂ ಉಳಿಯದಂತೆ ಬಳಿದುಕೊಂಡು ಹೋಯಿತು. ನೀರಿಳಿದು ದೋಣಿ ಶುರುವಾದ ದಿನ ಅಕ್ಕವ್ವ ದಂಡೆಗೆ ಬಂದು ನಿಂತಿದ್ದಳು. ಸುಂದರಾ ಮಗಳನ್ನು ಎತ್ತಿಕೊಂಡು ಅವಳ ಹಿಂದೆ ನಿಂತು, ಮಣ್ಣೇ ಇಲ್ಲದ ಮೇಲೆ ಅಪ್ಪ ಇನ್ನೇಕೆ ಬಂದಾನು ಎಂದು ಆಚೆ ದಂಡೆಯನ್ನೇ ನೋಡುತ್ತಿದ್ದಳು.

ಮೊದಲ ದೋಣಿಯಲ್ಲೇ ಧರೆಪ್ಪ ಬಂದಿಳಿದ.

“ನಿಮ್ಮ ಹೊಲ ಹೋತಲ್ರಿ ಬೀಗರ,” ಎಂದಳು ಅಕ್ಕವ್ವ. “ಇನ್ನ ನಮ್ಮ ಕಡೆ ಏನ್ ಕೆಲಸ?”

“ಕೆಳಗ ಮುಂದಿನ ತಿರುವಿನ್ಯಾಗ ಹೋಗಿ ಬಿದ್ದೈತಂತ, ದೋಣ್ಯಾಂವ ಅಂದ.” ಧರೆಪ್ಪ ಮೊಮ್ಮಗಳತ್ತ ಕೈ ಚಾಚಿದ. “ಆ ಊರಾಗ ನಿಮ್ಮ ಬೀಗರು ಯಾರರ ಅದಾರೇನ್ರಿ?”

ಅಕ್ಕವ್ವ ಹಣೆಗೆ ಕೈ ಅಡ್ಡ ಹಿಡಿದು, ಕೆಂಪು ನೀರು ಹೋಗುತ್ತಿದ್ದ ದಿಕ್ಕನ್ನು ಬಹಳ ಹೊತ್ತು ನೋಡಿದಳು.

“ಇನ್ನೂ ಇಲ್ರಿ,” ಎಂದಳು. “ಸಣ್ಣ ಮಗಗ ಹೆಣ್ಣು ನೋಡಾಕತ್ತೀವಿ.”