ಗಂಡನ ಫೋನಿಗೆ ಬಂದ ಕೋಡ್

ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ ಕೂತು ಸುಗಂಧಾ ತನ್ನ ಈಮೇಲ್ ತೆರೆದಳು. ಮದುವೆಯಾದ ಹೊಸದರಲ್ಲಿ ಗಂಡ, ಸುರಕ್ಷತೆಗೆ ಇರಲಿ ಎಂದು ಅವಳ ಈಮೇಲಿಗೆ ತನ್ನ ನಂಬರ್ ಜೋಡಿಸಿ, ಪಾಸ್‌ವರ್ಡನ್ನೂ ತಿಳಿದುಕೊಂಡಿದ್ದ. ಅಂದಿನಿಂದ ಅವಳಿಗೆ ಬಂದದ್ದನ್ನೆಲ್ಲ ಅವನೇ ಮೊದಲು ಓದುತ್ತಿದ್ದ. ಹೋದ ಸಲ ಸಿಕ್ಕಿದ್ದ ನರ್ಸ್ ಕೆಲಸಕ್ಕೆ ಅವಳ ಹೆಸರಿನಲ್ಲಿ ಅವನೇ 'ಬೇಡ' ಎಂದು ಉತ್ತರ ಬರೆದಿದ್ದ. ಈಗ ಮತ್ತೊಂದು ಕೆಲಸ ಸಿಕ್ಕಿದೆಯೆಂದು ಈಮೇಲ್ ಬಂದಿತ್ತು. ಅವನು ನೋಡುವುದರೊಳಗೆ ಪಾಸ್‌ವರ್ಡ್ ಬದಲಿಸಬೇಕು. ಆದರೆ ಅದಕ್ಕೆ ಬೇಕಾದ ಕೋಡ್ ಹೋಗಿದ್ದು ಅವನ ಫೋನಿಗೇ.

ಅವನು ಸ್ನಾನಕ್ಕೆ ಹೋಗುವ ಹೊತ್ತು. ಎದೆ ಗಟ್ಟಿ ಮಾಡಿಕೊಂಡು ಅದೇ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಅತ್ತೆ.

"ಅತ್ತೀ, ಈಗ ಒಂದು ಮೆಸೇಜ್ ಬಂದಿರತದ. ಅದರಾಗಿನ ನಂಬರ್ ಹೇಳ್ರಿ. ನಿಮ್ಮ ಕಾಲಿಗೆ ಬೀಳತೀನಿ."

"ಎಲ್ಲಿ ಅದಿ ನೀ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಬಸ್ ಸ್ಟ್ಯಾಂಡ್ ಕಡೆ ಅದೀನ್ರಿ. ಮತ್ತ ಮನಿಗೆ ಬರೂದಿಲ್ಲ."

ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಂತಿದ್ದು ಫೋನಿನಲ್ಲಿ ಕೇಳಿಸಿತು. ಎಲ್ಲ ಮುಗಿಯಿತು ಅಂದುಕೊಂಡಳು. ಆಗ ಅತ್ತೆ ಪಿಸುದನಿಯಲ್ಲಿ ಒಂದೊಂದೇ ಅಂಕಿ ಓದಿದರು.

ಪಾಸ್‌ವರ್ಡ್ ಬದಲಾಯಿತು. ಗಂಡನ ನಂಬರ್ ಅಳಿಸಿ ತನ್ನದನ್ನು ಹಾಕಿದಳು. ಅಳು ಒತ್ತರಿಸಿ ಬಂತು.

"ಆ ಮೆಸೇಜ್ ಅಳಿಸಿಬಿಡ್ರಿ, ಅತ್ತೀ. ಅವರಿಗೆ ಗೊತ್ತಾದರ ನಿಮ್ಮ ಮ್ಯಾಲೂ ಕೈ ಮಾಡತಾರ."

"ಅಳಿಸೀನಿ," ಎಂದರು ಅತ್ತೆ. "ಬಸ್ಸಿನ್ಯಾಗ ನನಗೂ ಒಂದು ಸೀಟ್ ಹಿಡಿ."