ಕಾಲು ಮುಂದಾಗಿ ಹುಟ್ಟಿದವಳು

ಸೊಂಟದಿಂದ ಹಿಮ್ಮಡಿಯವರೆಗೆ ನರ ಎಳೆಯುತ್ತಿತ್ತು. ಇನ್ನು ಎದ್ದು ನಡೆದರೇ ವಾಸಿಯಾಗುವುದೆಂದು ಡಾಕ್ಟರು ಹೇಳಿದ್ದರೂ ಹೆದರಿಕೆಯಿಂದ ಅತ್ತೆ ಚಾಪೆ ಬಿಟ್ಟಿರಲಿಲ್ಲ.

“ಕಾಲು ಮುಂದಾಗಿ ಹುಟ್ಟಿದೋರು ಸೊಂಟಕ್ಕೆ ಒದ್ರೆ ನೋವು ಹೋಗುತ್ತಂತಲ್ಲ, ಅತ್ತೆ. ನಾನು ಹಾಗೇ ಹುಟ್ಟಿದ್ದು,” ಎಂದಳು ಸೊಸೆ. ಅವಳು ಅತ್ತೆಯ ತಮ್ಮನ ಮಗಳೇ.

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ನಿಟ್ಟುಸಿರಿಟ್ಟು ಬೋರಲಾದರು. “ಒದಿ. ಮದುವೆಯಾದಾಗಿಂದ ಇದಕ್ಕೇ ಕಾಯ್ತಿದ್ದೆಯೇನೋ.”

ಸೊಸೆ ಎಡಗಾಲನ್ನು ಸೊಂಟಕ್ಕೆ ಮೆಲ್ಲಗೆ ತಾಗಿಸಿ, ತಕ್ಷಣ ಮುಟ್ಟಿ ನಮಸ್ಕರಿಸಿದಳು.

ಅತ್ತೆ ಗೋಡೆ ಹಿಡಿದು ಎದ್ದು, ಹಲ್ಲು ಕಚ್ಚಿ ಬಾಗಿಲವರೆಗೆ ನಡೆದರು.

“ನೋಡಿದ್ರಾ ಅತ್ತೆ, ನೋವು ಹೋಯ್ತು!”

“ಎಲ್ಲಿ ಹೋಯ್ತು? ನೀನು ಹುಟ್ಟುವಾಗ ದೀಪ ಹಿಡಿದು ನಿಂತಿದ್ದೋಳು ನಾನೇ ಕಣೇ. ನಿನ್ನ ತಲೇನೇ ಮೊದಲು ಬಂದಿದ್ದು.”