ಕಿಡಿಗೆ ಬೇಕಾದ ಸಂದಿ

"ಬಿಚ್ಚು ಅಂದೆ!" ಶಂಭು ಬಾನೆಟ್ಟಿನ ಅಂಚಿಗೆ ಗುದ್ದಿದ. ತಗಡು ಢಣ್ ಎಂದಿತು.

ಅಂಬರೀಶ ಕೈ ಒರೆಸಿಕೊಳ್ಳುತ್ತ ನಿಂತೇ ಇದ್ದ. "ಎಂಜಿನ್ ಕೆಂಡ ಆಗೇತಿ, ಅಣ್ಣಾರ. ಬಿಸಿ ಇದ್ದಾಗ ಪ್ಲಗ್ ಬಿಚ್ಚಿದ್ರ ಥ್ರೆಡ್ಡೇ ಕಿತ್ತು ಬರ್ತಾವ. ಸ್ವಲ್ಪ ಆರ್ಲಿ."

ಮಾತು ಸುಳ್ಳಲ್ಲ. ಆದರೆ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಗ್ಯಾರೇಜು ಹಾಕಿದಂದಿನಿಂದ ಅಂಬರೀಶ ಈ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದು ಇದೇ ಮೊದಲು.

ಶಂಭು ಕುಂದಾಪುರದ ಕಡೆಯವನು. ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೋಟೆಲು ನಡೆಸುತ್ತಿದ್ದ. ಮೂಗಿನ ತುದಿಯಲ್ಲೇ ಸಿಟ್ಟು. ಸಾಂಬಾರು ಆರಿತೆಂದು ಅಡುಗೆಯವನ ಕಡೆಗೆ ಸೌಟು ಎಸೆದವನೆಂದು ಊರಿಗೆಲ್ಲ ಗೊತ್ತು. ಅವನ ಹಳೆಯ ಪೆಟ್ರೋಲ್ ಕಾರು ಕೆಮ್ಮುತ್ತ, ಜಗ್ಗುತ್ತ ಗ್ಯಾರೇಜಿನ ತನಕ ಬಂದು ನಿಂತುಬಿಟ್ಟಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ ಜಯಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

"ಅಷ್ಟು ಅರ್ಜೆಂಟ್ ಇದ್ರ ಲೋಕಲ್ ಟ್ರೇನ್ ಹಿಡೀರಲ್ಲ."

"ವಯರ್ ತುಂಡಾಗಿ ಲೋಕಲ್ ಬಂದ್. ಥಾಣೆ ಅಂದ ಕೂಡಲೇ ರಿಕ್ಷಾದವರು ಮುಖ ತಿರುಗಿಸ್ತಾರೆ. ನಿನಗೆ ಪ್ಲಗ್ ಬದಲಿಸಲಿಕ್ಕೆ ಬರ್ತದಾ, ಇಲ್ಲ ಭಾಷಣ ಮಾತ್ರವಾ?"

ಥಾಣೆ. ಏಕೆಂದು ಅಂಬರೀಶನಿಗೆ ಗೊತ್ತಿತ್ತು. ಹೋದ ವಾರ ಶಂಭುವಿನ ಮಗಳು ಅನುಷ್ಕಾ ಸ್ಕೂಟರಿನ ಬ್ರೇಕ್ ಬಿಗಿ ಮಾಡಿಸಲು ಬಂದಿದ್ದಳು. ಸಂತೋಷ ತಡೆಯಲಾಗದೆ ಹೇಳಿಬಿಟ್ಟಿದ್ದಳು: "ಶುಕ್ರವಾರ ಥಾಣೆಯಲ್ಲಿ ರಿಜಿಸ್ಟರ್ ಮ್ಯಾರೇಜ್, ಅಂಕಲ್. ಘರ್ ಮೇ ಅಭೀ ಕಿಸೀ ಕೋ ಪತಾ ನಹೀಂ." ಮನೆಯವರಿಗೆ ಇನ್ನೂ ಗೊತ್ತಿರಲಿಲ್ಲವಂತೆ. ಹುಡುಗ ವಿಕಾಸ್, ಕಲ್ಯಾಣದವನು. ಜಾತಿ ಬೇರೆ.

ಇಂದು ಶುಕ್ರವಾರ.

ಶಂಭುವಿನ ಅಣ್ಣ ಪುಂಡರೀಕಾಕ್ಷ ತಿಂಗಳ ಹಿಂದೆ ಇದೇ ಗ್ಯಾರೇಜಿನಲ್ಲಿ ನಿಂತು, "ನಮ್ಮ ಹುಡುಗಿ ಆ ಮನೆ ಮೆಟ್ಟಿಲು ಹತ್ತಿದರೆ ಇಬ್ಬರ ಕಾಲೂ ಮುರಿಯುವುದೇ" ಎಂದು ನಾಲ್ಕು ಜನರೆದುರು ಕೂಗಿದ್ದ. ಪಕ್ಕದಲ್ಲಿದ್ದ ಶಂಭು ನೆಲ ನೋಡುತ್ತಿದ್ದ, ತುಟಿ ಬಿಚ್ಚಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ.

ಈಗ ಅದೇ ಶಂಭು ಫೋನಿನಲ್ಲಿ ಅಬ್ಬರಿಸುತ್ತಿದ್ದ. "ಅಣ್ಣ, ಆಫೀಸಿನ ಹತ್ತಿರ ಮುಟ್ಟಿದಿರಾ? ನಾನು ಬರುವವರೆಗೆ ಅವಳ ಹತ್ತಿರ ಹೋಗಬೇಡಿ. ಕೇಳ್ತಾ? ಅವಳು ನನ್ನ ಮಗಳು. ಏನು ಮಾಡುವುದಿದ್ದರೂ ನಾನು ಮಾಡುವುದು."

"ಕೈ ಎತ್ತಬೇಡಿ ಮಾರಾಯ್ರೆ," ಜಯಲತಾ ಕಿಟಕಿಯಿಂದ ಗೋಗರೆದಳು. "ಏನೇ ಆದರೂ ನಿಮ್ಮದೇ ರಕ್ತ."

"ರಕ್ತವಂತೆ! ಇವತ್ತು ರಕ್ತ ಗಿಕ್ತ ಅಂತ ನೋಡುವವನಲ್ಲ ನಾನು."

ಅಂಬರೀಶನ ತಂಗಿ ಸತ್ಯಮ್ಮನನ್ನು ಸಿಂದಗಿಯಲ್ಲಿ ಇಂಥದೇ ಕಚೇರಿಯ ಬಾಗಿಲಿನಿಂದ ಎಳೆದು ಜೀಪಿಗೆ ಹಾಕಿಕೊಂಡು ಹೋಗಿದ್ದರು. ಎಳೆದವರೆಲ್ಲ ಸ್ವಂತ ರಕ್ತದವರೇ. ಸತ್ಯಮ್ಮ ಇಂದಿಗೂ ಯಾರೊಡನೆಯೂ ಮಾತಾಡುವುದಿಲ್ಲ.

ಇನ್ನು ಕಾಯಿಸಿದರೆ ಶಂಭುವಿಗೆ ಅನುಮಾನ ಬರುತ್ತದೆ. ಅಂಬರೀಶ ಪಾನಾ ಹಾಕಿ ತಿರುಗಿಸಿದ. ನಾಲ್ಕೂ ಪ್ಲಗ್ಗುಗಳು ಹೊರಗೆ ಬಂದವು. ತುದಿಗಳು ಸವೆದು ಗುಂಡಗಾಗಿದ್ದವು. ಒಂದರ ಮೇಲೆ ಒಲೆಯ ಮಸಿಯಂತೆ ಕಪ್ಪು. ಕಾರು ಕೆಮ್ಮಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

"ನೋಡ್ರಿ, ಪೂರಾ ಸವದಾವ."

"ಪ್ರದರ್ಶನ ಬೇಡ. ಹೊಸತು ಹಾಕು."

ಅಂಬರೀಶ ಹೊಸ ಪ್ಲಗ್ಗುಗಳ ಡಬ್ಬಿ ಎತ್ತಿಕೊಂಡು ಒಳಗಿನ ಮೇಜಿನ ಬಳಿ ಹೋದ. ಪ್ಲಗ್ಗಿನ ತುದಿಯಲ್ಲಿ ಉಗುರಿನ ದಪ್ಪದಷ್ಟು ಸಂದಿ ಇರುತ್ತದೆ. ಕಿಡಿ ಹಾರುವುದು ಆ ಸಂದಿಯಲ್ಲೇ. ಸಂದಿ ಮುಚ್ಚಿದರೆ ಕಿಡಿ ಇಲ್ಲ, ಕಿಡಿ ಇಲ್ಲದಿದ್ದರೆ ಎಂಜಿನ್ನಿಗೆ ಜೀವವಿಲ್ಲ. ಅವನು ಬೆನ್ನು ತಿರುಗಿಸಿ ಒಂದೊಂದನ್ನೂ ಮೇಜಿನ ಕಬ್ಬಿಣದ ಅಂಚಿಗೆ ಕುಟ್ಟಿದ. ಸಂದಿ ಕಚ್ಚಿ ಕೂತಿತು. ಹಲ್ಲು ಕಚ್ಚಿಕೊಂಡೇ ನಾಲ್ಕನ್ನೂ ಎಂಜಿನ್ನಿಗೆ ಬಿಗಿದ.

ಶಂಭು ಕೀಲಿ ತಿರುಗಿಸಿದ. ಕುರ್ ಕುರ್ ಕುರ್. ಮತ್ತೆ ತಿರುಗಿಸಿದ. ಎಂಜಿನ್ ಹೊರಳಿತು, ಹತ್ತಿಕೊಳ್ಳಲಿಲ್ಲ.

"ಕಾಯಿಲ್ ಹೋಗಿರಬೇಕ್ರಿ," ಎಂದ ಅಂಬರೀಶ. "ಅಂಗಡಿಯಿಂದ ತರಿಸಬೇಕು."

"ನಿನ್ನ ಗ್ಯಾರೇಜಿಗೆ ಬೆಂಕಿ ಬೀಳ!" ಶಂಭು ಬಾಗಿಲು ಒದ್ದು ಹೊರಬಂದ. ಅವನ ಕೆಂಪಾದ ಕಣ್ಣುಗಳಲ್ಲಿ ನೀರಾಡಿತ್ತು. ಸಿಟ್ಟು ನೆತ್ತಿಗೇರಿದಾಗ ಕಣ್ಣಲ್ಲಿ ನೀರು ಬರುವವರನ್ನು ಅಂಬರೀಶ ನೋಡಿದ್ದ. ಶಂಭು ರಸ್ತೆಯ ನಡುವೆ ನಿಂತು ಒಂದು ಟೆಂಪೋಗೆ ಎರಡೂ ಕೈ ಅಡ್ಡ ಚಾಚಿದ. ಟೆಂಪೋ ಹಾರ್ನ್ ಹೊಡೆದು ಪಕ್ಕದಿಂದ ಹೋಯಿತು. ಅವನು ಹಿಂದಿನ ಲಾರಿಯ ಕಡೆಗೆ ಓಡಿದ.

ಓಡಲಿ, ಎಂದುಕೊಂಡ ಅಂಬರೀಶ. ಥಾಣೆ ದಾರಿಯ ಶಿಳ್‌ಫಾಟಾದ ತನಕ ಓಡಲಿ.

ಕಾರಿನೊಳಗೆ ಜಯಲತಾಳ ಫೋನು ರಿಂಗಾಯಿತು. ಅವಳು ಕಿವಿಗಿಟ್ಟುಕೊಂಡಳು. "ಹೇಳು ವಿಕಾಸ್," ಎಂದವಳು ಮತ್ತೆ ಮಾತಾಡಲಿಲ್ಲ. ಫೋನು ಮಡಿಲಿಗೆ ಜಾರಿತು. ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

ಅಳಿಯನ ಫೋನು. ಹಾಗಾದರೆ ಮದುವೆ ಆಗಿಹೋಯಿತು. ತಾಯಿಯ ಕರುಳು, ದೂರದಿಂದಲೇ ಹರಸಿ ಅಳುತ್ತಿದೆ. ಅಂಬರೀಶ ಕಿಟಕಿಗೆ ಬಾಗಿ ದನಿ ತಗ್ಗಿಸಿದ.

"ಅಳಬ್ಯಾಡ್ರಿ ಅಕ್ಕಾರ. ಯಾರಿಗೂ ಹೇಳಂಗಿಲ್ಲ ಅಂದ್ರ ಒಂದು ಮಾತು ಹೇಳ್ತೀನಿ. ಕಾಯಿಲ್ ಏನೂ ಹೋಗಿಲ್ಲ. ಅಣ್ಣಾರು ಆ ಕೂಸಿನ ಮದುವಿ ಮುರಿಯಾಕ ಹೊಂಟಾರಂತ ನಾನೇ ಪ್ಲಗ್ ಕೆಡಿಸೀನಿ."

ಜಯಲತಾ ಕೈ ತೆಗೆದು ಅವನನ್ನೇ ನೋಡಿದಳು.

"ಪುಂಡರೀಕಾಕ್ಷ ಭಾವ ಅವಳನ್ನು ಎಳೆದು ಗಾಡಿಗೆ ಹಾಕಿಕೊಂಡು ಹೋದರಂತೆ, ಅಂಬರೀಶ. ಅವರನ್ನು ತಡೆದು ನಿಂತು ಮದುವೆ ಮಾಡಿಸುತ್ತೇನೆ ಅಂತ ನಿನ್ನೆ ಮಗಳ ಕೈ ಹಿಡಿದು ಮಾತು ಕೊಟ್ಟದ್ದು ಅವಳ ಅಪ್ಪ ಒಬ್ಬರೇ."